ಹಂದಿಗೆಂದು ಕಟ್ಟಿದ ಕ್ಯಾಮೆರಾ

ಕಳೆದ ವರ್ಷದ ನವರಾತ್ರಿಯ ಸಮಯ. ಮಳೆ ಬಿಟ್ಟು ಬಿಸಿಲು ಬಿದ್ದು, ನಮ್ಮ ಗದ್ದೆಯ ಭತ್ತ ಆಗಷ್ಟೇ ತೆನೆ ಬಾಗಿಸಿ ನಿಂತಿತ್ತು. ನಮ್ಮ ಗದ್ದೆ ಎಂದ ಕೂಡಲೇ ದೊಡ್ಡ ಬಯಲು ಎಂದುಕೊಳ್ಳಬೇಡಿ. ನೆಟ್ಟಣ ಸ್ಟೇಷನ್ನಿನ ರೈಲಿನ ಕೂಗು ಕೇಳುವಷ್ಟು ದೂರದಲ್ಲಿ, ಒಂದು ಬದಿ ರಬ್ಬರ್ ಗುಡ್ಡೆ, ಇನ್ನೊಂದು ಬದಿ ನೀರು ಹರಿಯುವ ತೋಡು, ನಡುವೆ ಚಾಪೆ ಹಾಸಿದ ಹಾಗೆ ಸ್ವಲ್ಪ ಜಾಗ. ಆದರೆ ನಮ್ಮ ಸುತ್ತಮುತ್ತ ಭತ್ತ ಬೆಳೆಯುವ ಗದ್ದೆ ಎಂದು ಉಳಿದದ್ದು ಅದೊಂದೇ. ಬೇರೆಯವರೆಲ್ಲ ಎಂದೋ ಮಣ್ಣು ತುಂಬಿಸಿ ರಬ್ಬರೋ ಅಡಿಕೆಯೋ ಇಟ್ಟಾಗಿದೆ.

ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ.

ಬೈಗುಳ ಯಾಕೆಂದರೆ, ಆ ವರ್ಷ ಗದ್ದೆಯ ವಿಷಯದಲ್ಲಿ ನನಗೂ ನನ್ನ ಗಂಡನಿಗೂ ದಿನಾ ಜಟಾಪಟಿ. "ಇದೇ ಕೊನೆ. ಕೊಯ್ಲು ಆದ ಮೇಲೆ ಜೇಸಿಬಿಯವನಿಗೆ ಹೇಳಿದ್ದೇನೆ. ಮಣ್ಣು ತುಂಬಿಸಿ ಅಡಿಕೆ ಗಿಡ ಇಡುದು" ಎಂದು ಇವರು ಹಟ ಹಿಡಿದಿದ್ದರು. ನೇಜಿ, ಅಂದರೆ ಭತ್ತದ ಸಸಿ, ನೆಡಲು ಜನ ಇಲ್ಲ, ಇದ್ದದ್ದನ್ನು ಹಂದಿ ಬಿಡುವುದಿಲ್ಲ, ನಿನಗೆ ಬೇಕಾದರೆ ಅಂಗಡಿಯಲ್ಲಿ ಅಕ್ಕಿ ಉಂಟು ಎಂದು ಅವರ ವಾದ. "ಅಕ್ಕಿ ಅಂಗಡಿಯಲ್ಲಿ ಉಂಟು, ತೆನೆ ಉಂಟಾ?" ಎಂದು ನಾನು. "ತೆನೆ ಈಗ ಯಾರಿಗೆ ಬೇಕು ಮಾರಾಯ್ತಿ? ಎಲ್ಲ ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಸುಮ್ಮನೆ ಕೂರ್ತಾರೆ" ಎಂದು ಅವರು ಎದ್ದು ಹೋಗುತ್ತಿದ್ದರು.

ತೆನೆಯ ವಿಷಯ ಸ್ವಲ್ಪ ಹೇಳಬೇಕು. ನವರಾತ್ರಿಯ ಒಂದು ದಿನ ಬೆಳಿಗ್ಗೆ ಹೊಸ ತೆನೆಯನ್ನು ಮನೆಗೆ ತಂದು, ಮಾವು ಹಲಸಿನ ಎಲೆಯಲ್ಲಿ ಸುತ್ತಿ, ಬಾಗಿಲು, ಕಂಬ, ಕಡೆಯುವ ಕಲ್ಲು, ಅಕ್ಕಿಯ ಡಬ್ಬ ಎಲ್ಲದಕ್ಕೂ ಕಟ್ಟುವುದು ನಮ್ಮಲ್ಲಿ ಕ್ರಮ. ಈಗಿನವರು ಸ್ಕೂಟರಿಗೂ ಫ್ರಿಜ್ಜಿಗೂ ಕಟ್ಟುತ್ತಾರೆ. ಗದ್ದೆ ಇಲ್ಲದವರು ಏನು ಮಾಡಬೇಕು? ಕೇಳಿ ತರುವುದು ನಮ್ಮ ಊರಿನಲ್ಲಿ ಇಲ್ಲ. ಬೆಳಗಾಗುವ ಮೊದಲು ಇದ್ದವರ ಗದ್ದೆಗೆ ಸದ್ದಿಲ್ಲದೆ ಹೋಗಿ ಒಂದು ಮುಷ್ಟಿ ಕದ್ದು ತರಬೇಕು. ಗದ್ದೆಯವರು ಎಚ್ಚರ ಇದ್ದರೂ ಹೊರಗೆ ಬರಬಾರದು, ಯಾರು ಬಂದರೆಂದು ನೋಡಬಾರದು, ಗೊತ್ತಾದರೂ ಬಾಯಿ ಬಿಡಬಾರದು. ನನ್ನ ಅತ್ತೆ ಬದುಕಿದ್ದಾಗ ಅವತ್ತೊಂದು ದಿನ ನಾಯಿಯನ್ನು ದನದ ಹಟ್ಟಿಯ ಹಿಂದೆ ಕಟ್ಟಿ, ಅದು ಬೊಗಳದ ಹಾಗೆ ಅದರ ಬಾಯಿಗೆ ದೋಸೆ ಹಾಕುತ್ತಿದ್ದರು.

ಇವರ ಹಟದ ಹಿಂದೆ ಇನ್ನೊಂದು ನೋವೂ ಇತ್ತು. ಇವರಿಗೆ ಒಬ್ಬರೇ ಅಣ್ಣ, ನನ್ನ ಭಾವ. ಪಾಲು ಆದಾಗ ಮೇಲಿನ ಗುಡ್ಡೆ ಭಾವನಿಗೆ ಬಂತು, ಗದ್ದೆ ನಮಗೆ. ಭಾವ ತನ್ನ ಪಾಲನ್ನು ಮಾರಿ ಕಬಕದಲ್ಲಿ ಪಂಪ್ ರಿಪೇರಿಯ ಅಂಗಡಿ ಹಾಕಿದರು. ಇವರಿಗೆ ಸಿಟ್ಟು ನೆತ್ತಿಗೇರಿತು. ಗದ್ದೆಯ ಬದಿಯಲ್ಲೇ ನಿಂತು, "ಅಪ್ಪನ ಜಾಗ ಮಾರಿದವ ಇನ್ನು ಈ ಗದ್ದೆಯ ಹುಣಿ ಹತ್ತಬೇಡ" ಎಂದುಬಿಟ್ಟರು. ಹುಣಿ ಎಂದರೆ ಗದ್ದೆಯ ಏರಿ. ಭಾವ ತಿರುಗಿ ನಡೆದುಬಿಟ್ಟರು. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಮದುವೆ ಮನೆಗಳಲ್ಲಿ ಅಣ್ಣ ಒಂದು ಪಂಕ್ತಿ, ತಮ್ಮ ಇನ್ನೊಂದು ಪಂಕ್ತಿ. ಗದ್ದೆ ನೋಡಿದಾಗಲೆಲ್ಲ ಆ ದಿನ ಇವರಿಗೆ ನೆನಪಾಗುತ್ತಿತ್ತೆಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವರು.

ಅಂತೂ ಒಂದು ರಾಜಿ ಆಯಿತು. ತೆನೆಯ ದಿನದವರೆಗೆ ಹಂದಿಯಿಂದ ಬೆಳೆ ಉಳಿಸಿಕೊಟ್ಟರೆ ಜೇಸಿಬಿಯವನಿಗೆ ಬೇಡ ಎನ್ನುವ ವಿಚಾರ ಮಾಡುತ್ತೇನೆ ಎಂದರು. ವಿಚಾರ ಮಾಡುತ್ತೇನೆ ಎಂದದ್ದು ಮಾತ್ರ, ಬೇಡ ಎನ್ನುತ್ತೇನೆ ಎಂದಲ್ಲ. ನಾನು ಅಷ್ಟಕ್ಕೇ ಸೆರಗು ಸಿಕ್ಕಿಸಿದೆ.

ನರಿಮೊಗರಿನಲ್ಲಿ ನನ್ನ ತಮ್ಮ ಇದ್ದಾನೆ. ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ರಜೆ ಸಿಕ್ಕಿದರೆ ಹಕ್ಕಿಪಕ್ಷಿ ಎಂದು ಕಾಡು ತಿರುಗುತ್ತಾನೆ. ಅವನಿಗೆ ಫೋನು ಮಾಡಿ, "ಹಂದಿ ಯಾವ ಬದಿಯಿಂದ ಬರ್ತದೆ ಅಂತಲೇ ಗೊತ್ತಾಗುದಿಲ್ಲ ಮಾರಾಯ" ಎಂದೆ. ಆದಿತ್ಯವಾರ ಎರಡು ಟ್ರೈಲ್ ಕ್ಯಾಮೆರಾ ಹಿಡಿದುಕೊಂಡು ಬಂದ. ಊಟದ ಬುತ್ತಿಯಷ್ಟು ದೊಡ್ಡ ಹಸಿರು ಪೆಟ್ಟಿಗೆ. ಮರಕ್ಕೆ ಕಟ್ಟಿಟ್ಟರೆ ಎದುರು ಏನಾದರೂ ಓಡಾಡಿದ ಕೂಡಲೇ ತನ್ನಷ್ಟಕ್ಕೆ ಫೋಟೊ ತೆಗೆಯುತ್ತದೆ, ಕತ್ತಲೆಯಾದರೂ ತೆಗೆಯುತ್ತದೆ. ಒಂದನ್ನು ರಬ್ಬರ್ ಗುಡ್ಡೆಯ ಬದಿಗೆ, ಇನ್ನೊಂದನ್ನು ತೋಡಿನ ಬದಿಯ ಹಲಸಿನ ಮರಕ್ಕೆ ಕಟ್ಟಿದೆವು.

ಮೊದಲ ಸಲ ಅದರ ಮೆಮೊರಿ ಕಾರ್ಡ್ ತೆಗೆದು ನೋಡಿದಾಗ ಇದ್ದದ್ದು ಬರೀ ನಮ್ಮ ಮನೆಯವರ ಬೆನ್ನು. ಗದ್ದೆಯ ಕೆಲಸವೇ ಬೇಡ ಎನ್ನುವ ಮನುಷ್ಯ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಭತ್ತ ನೋಡಿ ಬರುತ್ತಿದ್ದರು! "ಇದು ಯಾವ ಪ್ರಾಣಿ ಅಕ್ಕ?" ಎಂದು ತಮ್ಮ ಕೇಳಿದ. "ಇದು ಸಾಕಿದ್ದು, ಆದರೆ ಪಳಗಿಲ್ಲ" ಎಂದೆ. ಇವರು ಕಿವಿ ಕೇಳದವರ ಹಾಗೆ ಚಹಾ ಕುಡಿದರು.

ಆಮೇಲೆ ಬಂತು ನೋಡಿ ಸಂಸಾರ. ಗುಡ್ಡೆಯ ಬದಿಯಿಂದ ನವಿಲುಗಳು ಮರಿಗಳನ್ನು ಸಾಲಾಗಿ ಕಟ್ಟಿಕೊಂಡು ಶಾಲೆಗೆ ಹೋಗುವವರ ಹಾಗೆ ಬಂದಿದ್ದವು. ಮುಳ್ಳುಹಂದಿಯೊಂದು ಕ್ಯಾಮೆರಾದ ಹತ್ತಿರವೇ ಬಂದು ಮೂಗು ತೋರಿಸಿ ಹೋಗಿತ್ತು. ಹಲಸಿನ ಮರದ ಬುಡದಲ್ಲಿ ಬರಿಂಕ ನಿಂತಿತ್ತು. ಮೊಲದಷ್ಟೇ ಇರುವ, ಮೈಮೇಲೆ ಬಿಳಿ ಚುಕ್ಕೆಯ ಪುಟ್ಟ ಜಿಂಕೆ ಅದು. ಮದುವೆಯಾಗಿ ಬಂದಂದಿನಿಂದ ಹೆಸರು ಕೇಳಿದ್ದೆ, ನೋಡಿದ್ದು ಅದೇ ಮೊದಲು. ಕಡ್ಡಿಯಂತಹ ಕಾಲು, ಬಟ್ಟಲಿನಂತಹ ಕಣ್ಣು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲಿದ್ದ ಸಾರು ಸೀದದ್ದೇ ಗೊತ್ತಾಗಲಿಲ್ಲ. ನಮ್ಮ ಹಿತ್ತಿಲಿನಲ್ಲೇ ಇಷ್ಟು ಜನ ವಾಸ ಇದ್ದಾರೆಂದು ನಮಗೇ ಗೊತ್ತಿರಲಿಲ್ಲವಲ್ಲ!

ಹಂದಿ ಬರುತ್ತಿದ್ದದ್ದು ಗುಡ್ಡೆಯ ಬದಿಯ ಮೂಲೆಯಿಂದ ಎಂದು ಫೋಟೊದಲ್ಲಿ ಸರಿಯಾಗಿ ಕಂಡಿತು. ಇನ್ನು ಬೇಲಿ. ನಮ್ಮ ಕಡೆ ಹಂದಿಗೆ ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಸೀರೆ ಅಲ್ಲಾಡಿದರೆ ಮನುಷ್ಯರೆಂದು ಹೆದರಿ ಹತ್ತಿರ ಬರುವುದಿಲ್ಲ ಎಂದು ಲೆಕ್ಕ. ಕಪಾಟಿನಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಆ ಮೂಲೆಗೆ ಕಟ್ಟಿದೆ. ಮರುದಿನ ಫೋಟೊ ನೋಡಿದರೆ, ದೇವರೇ! ನನ್ನ ತಂಗಿಯ ಮದುವೆಗೆ ಉಟ್ಟಿದ್ದ ನೀಲಿ ಸೀರೆಯನ್ನು ತಲೆಯ ಮೇಲೆ ಹೊದ್ದುಕೊಂಡು ಒಂದು ದೊಡ್ಡ ಹಂದಿ ಕ್ಯಾಮೆರಾ ನೋಡಿ ನಿಂತಿದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನಗಿಂತ ಅದಕ್ಕೇ ಒಪ್ಪುತ್ತದೆ" ಎಂದರು. ನಾನು ಅವತ್ತು ಮಧ್ಯಾಹ್ನ ಅವರಿಗೆ ಹಿಂದಿನ ದಿನದ ಸೀದ ಸಾರನ್ನೇ ಬಡಿಸಿದೆ.

ಆದರೆ ನಕ್ಕವರು ಸುಮ್ಮನೆ ಕೂರಲಿಲ್ಲ. ಸಂಜೆ ತಾವೇ ಹೋಗಿ ಆ ಮೂಲೆಗೆ ಗೂಟ ಹೊಡೆದು, ಸೀರೆಗಳನ್ನು ಬಿಗಿಯಾಗಿ ಎಳೆದು ಕಟ್ಟಿ, ನಡುನಡುವೆ ಖಾಲಿ ಡಬ್ಬ ನೇತುಹಾಕಿ ಬಂದರು. ಅಲ್ಲಿಂದ ಮೇಲೆ ಹಂದಿ ಬೇಲಿಯವರೆಗೆ ಬಂದದ್ದು ಫೋಟೊದಲ್ಲಿ ಕಾಣುತ್ತಿತ್ತು, ದಾಟಿದ್ದು ಕಾಣುತ್ತಿರಲಿಲ್ಲ. ಭತ್ತ ಉಳಿಯಿತು.

ತೆನೆಯ ದಿನ ಬಂತು. ಬೆಳಿಗ್ಗೆ ನಾವು ಸ್ನಾನ ಮಾಡಿ ಗದ್ದೆಗೆ ಹೋಗಿ, ನಮ್ಮ ಪಾಲಿನ ತೆನೆ ತಂದು ಕಟ್ಟಿದೆವು. ಹಬ್ಬದ ಊಟಕ್ಕೆ ತಮ್ಮನೂ ಬಂದಿದ್ದ. ಬರುವಾಗ ತೋಡಿನ ಬದಿಯ ಕ್ಯಾಮೆರಾದ ಕಾರ್ಡ್ ತೆಗೆದುಕೊಂಡೇ ಬಂದ. ಅಷ್ಟು ಹೊತ್ತಿಗೆ ನಮ್ಮ ನೆರೆಮನೆಯ ಕುಶಾಲಣ್ಣ ಬಂದು ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದರು. ಊರಿನಲ್ಲಿ ಯಾವ ಸಭೆಯಾದರೂ ಮೊದಲ ಕುರ್ಚಿ ಅವರದು. "ತೆನೆ ಗಿನೆ ಎಲ್ಲ ಹಳೆಯ ಕಾಲದ್ದು ಮಾರಾಯ್ರೆ. ನಾವು ಎಲ್ಲ ಬಿಟ್ಟಾಯ್ತು. ನೀವು ಮಣ್ಣು ತುಂಬಿಸುದೇ ಸರಿ" ಎಂದು ಇವರಿಗೆ ಉಪದೇಶ ಮಾಡುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು. ಆದರೂ ಕಾಫಿ ಕೊಟ್ಟೆ.

"ಕುಶಾಲಣ್ಣ, ನಮ್ಮ ಪ್ರಾಣಿಗಳನ್ನು ನೋಡಿ" ಎಂದು ನನ್ನ ತಮ್ಮ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ. ಬರಿಂಕ ಬಂತು. ಕುಶಾಲಣ್ಣ "ಓಹೋ" ಎಂದರು. ಒಂದು ಕಬ್ಬೆಕ್ಕು ಬಂತು. "ಓಹೋಹೋ" ಎಂದರು. ಆಮೇಲೆ ಅಂಗನವಾಡಿಯ ಲೀಲಕ್ಕ ಬಂದರು. ನೈಟಿಯ ಮೇಲೆ ಸ್ವೆಟರ್, ತಲೆಗೆ ಸುತ್ತಿದ ಬೈರಾಸು ಟವೆಲು, ಕೈಯಲ್ಲಿ ಕತ್ತಿ.

ನಾನು ಅಡುಗೆ ಕೋಣೆಯ ಬಾಗಿಲಿನಲ್ಲಿ ಪಾಯಸದ ಸೌಟು ಹಿಡಿದು ನಿಂತವಳು ಹಾಗೇ ಮರಗಟ್ಟಿದೆ. ಅಯ್ಯೋ! ತೆನೆಯ ದಿನ ಕ್ಯಾಮೆರಾ ಬಂದ್ ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನೋಡಲೇಬಾರದವರನ್ನು ಟಿವಿಯಲ್ಲಿ ಹಾಕಿ ನೋಡುತ್ತಿದ್ದೆವು. ನಮ್ಮ ಊರಿನ ಕ್ರಮ ಗೊತ್ತಿಲ್ಲದ ನನ್ನ ತಮ್ಮ ಮಹಾಶಯ ಮುಂದಿನ ಫೋಟೊ ಒತ್ತಿದ. ಈಗ ಒಂದು ಬೆನ್ನು. ಚೌಕುಳಿ ಲುಂಗಿ. ಮೇಲೆ ಎತ್ತಿ ಕಟ್ಟಿದ್ದು. ಬೋಳು ತಲೆ. ಆ ತಲೆ ಈ ಕಡೆ ತಿರುಗಿದ ಫೋಟೊ ಇನ್ನೇನು ಬರುತ್ತದೆ ಎನ್ನುವಷ್ಟರಲ್ಲಿ ನಾನು ಓಡಿ ಹೋಗಿ ಟಿವಿಯ ಪ್ಲಗ್ಗನ್ನೇ ಎಳೆದೆ.

"ಎಂತ ಆಯ್ತು?" ಎಂದ ತಮ್ಮ.

"ಕರೆಂಟ್ ಹೋಯ್ತು" ಎಂದೆ.

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಕುಶಾಲಣ್ಣ ಫ್ಯಾನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ತಮ್ಮ ಚೌಕುಳಿ ಲುಂಗಿಯನ್ನು ಒಮ್ಮೆ ನೋಡಿಕೊಂಡರು. "ಹೌದೌದು, ಈಗ ಕರೆಂಟಿನದ್ದು ದೊಡ್ಡ ಉಪದ್ರ" ಎಂದು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು. ಮೆಟ್ಟಿಲು ಇಳಿಯುವಾಗ ತಿರುಗಿ, "ಗದ್ದೆ ಮುಚ್ಚುವ ವಿಷಯ ಸ್ವಲ್ಪ ಆಲೋಚನೆ ಮಾಡಿಯೇ ಮುಂದುವರಿಯಿರಿ ಆಯ್ತಾ" ಎಂದರು. ಅವರು ಗೇಟು ದಾಟುವವರೆಗೆ ಹೇಗೋ ತಡೆದುಕೊಂಡೆವು. ಮತ್ತೆ ನಕ್ಕದ್ದು ನಕ್ಕದ್ದೇ.

ಇನ್ನು ನೋಡುವುದು ಬೇಡ, ಎಲ್ಲ ಅಳಿಸಿಬಿಡು ಎಂದು ತಮ್ಮನಿಗೆ ಹೇಳಿದೆ. ಅವನು ಅಳಿಸಲೆಂದು ಲ್ಯಾಪ್‌ಟಾಪಿನಲ್ಲೇ ಬೇಗ ಬೇಗ ಒತ್ತುತ್ತಾ ಹೋದ. ಬೇಡ ಬೇಡ ಎಂದರೂ ಕಣ್ಣು ಹೋಗುತ್ತದಲ್ಲ. ಒಬ್ಬರ ಹಿಂದೆ ಒಬ್ಬರು. ತೆನೆ ಯಾರಿಗೆ ಬೇಕು ಎಂದು ಇವರು ಕೇಳಿದ್ದರಲ್ಲ, ಅಕ್ಕಪಕ್ಕದ ಅಷ್ಟೂ ಮನೆಯವರು ಬಂದು ಹೋಗಿದ್ದರು. ಎಲ್ಲರೂ ಒಂದೊಂದು ಮುಷ್ಟಿ ಮಾತ್ರ. ಒಂದು ಗಿಡವನ್ನೂ ತುಳಿದಿರಲಿಲ್ಲ.

"ನಿಲ್ಲಿಸು" ಎಂದು ಇವರು ಹೇಳಿದ್ದು ಆಗ. ನನ್ನ ತಮ್ಮ ಕೈ ತೆಗೆದ.

ಆ ಫೋಟೊದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ತೋಡಿನ ನೀರಿನಲ್ಲಿ ಮೊಣಕಾಲಿನವರೆಗೆ ಇಳಿದು ಒಬ್ಬರು ನಿಂತಿದ್ದರು. ಪಂಚೆ ಎತ್ತಿ ಕಟ್ಟಿದ್ದರು. ತಲೆ ಬೆಳ್ಳಗಾಗಿತ್ತು. ಎಲ್ಲರೂ ಹುಣಿಯ ಮೇಲೆ ನಡೆದು ಬಂದಿದ್ದರೆ ಆ ಒಬ್ಬರು ಮಾತ್ರ ತೋಡಿನಲ್ಲೇ ನಿಂತು, ಹುಣಿಗೆ ಮೈ ತಾಗದ ಹಾಗೆ ಕೈ ಚಾಚಿ, ಬದಿಯಲ್ಲಿ ಬಾಗಿದ್ದ ತೆನೆಯನ್ನು ಕೊಯ್ಯುತ್ತಿದ್ದರು. ಮುಂದಿನ ಫೋಟೊದಲ್ಲಿ ಆ ತೆನೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ನಿಂತಿದ್ದರು. ಭಾವ. ಕಬಕದಿಂದ ಕತ್ತಲೆಯಲ್ಲೇ ಹೊರಟು ಬಂದಿರಬೇಕು.

"ಅವ ಹುಣಿ ಹತ್ತಲಿಲ್ಲ" ಎಂದರು ಇವರು.

ಇವರು ಎದ್ದು ಹಿತ್ತಿಲಿಗೆ ಹೋದರು. ನಳ್ಳಿಯ ನೀರಿನ ಸದ್ದು ಬಹಳ ಹೊತ್ತು ಕೇಳಿತು. ಮುಖ ತೊಳೆದು ಬಂದವರು ಬೈರಾಸಿನಲ್ಲಿ ಒರೆಸಿಕೊಳ್ಳುತ್ತಾ, "ಅಣ್ಣನ ನಂಬರ್ ನಿನ್ನ ಹತ್ತಿರ ಉಂಟಲ್ಲ?" ಎಂದು ಕೇಳಿದರು. ಇತ್ತು. ಅಕ್ಕನ ಹತ್ತಿರ, ಅಂದರೆ ಭಾವನ ಹೆಂಡತಿಯ ಹತ್ತಿರ, ನಾನು ಆಗಾಗ ಮಾತಾಡುತ್ತಿದ್ದೆ. ಅದು ಇವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ನಂಬರ್ ಒತ್ತಿ ಸ್ಪೀಕರಿಗೆ ಹಾಕಿ ಕೊಟ್ಟೆ. "ನೋಡಿದ್ದು ಹೇಳಬಾರದು ಆಯ್ತಾ, ಕ್ರಮ ಅಲ್ಲ" ಎಂದು ಕಿವಿಯಲ್ಲಿ ಹೇಳಿದೆ. ಗೊತ್ತುಂಟು ಎಂದು ತಲೆಯಾಡಿಸಿದರು.

"ಅಣ್ಣ, ನಾನು ವಸಂತ."

ಆ ಕಡೆಯಿಂದ ಭಾವ, "ಹೇಳು ಮಾರಾಯ. ಎಲ್ಲರೂ ಹುಷಾರುಂಟಲ್ಲ?"

"ಉಂಟು. ತೆನೆ ಕಟ್ಟಿ ಆಯ್ತಾ?"

"ಆಯ್ತಾಯ್ತು."

"ಎಲ್ಲಿಂದ ತಂದದ್ದು?" ಎಂದರು ಇವರು. ನಾನು ತೊಡೆಗೆ ಚಿವುಟಿದೆ.

"ಇಲ್ಲೇ ಕಬಕದಲ್ಲಿ, ಒಬ್ಬರ ಗದ್ದೆಯಿಂದ" ಎಂದರು ಭಾವ.

"ಒಳ್ಳೆ ತೆನೆಯಾ?"

"ಒಳ್ಳೆದುಂಟು. ಕಾಳು ಗಟ್ಟಿ. ಅಪ್ಪ ಇರುವಾಗ ನಮ್ಮಲ್ಲಿ ಆಗ್ತಿತ್ತಲ್ಲ, ಅದೇ ಹಾಗೆ."

ಇವರು, "ಹೊಸ ಅಕ್ಕಿ ಊಟಕ್ಕೆ ಬಾ. ಅತ್ತಿಗೆಯನ್ನೂ ಕರ್ಕೊಂಡು ಬಾ" ಎಂದರು. "ನೋಡುವ" ಎಂದರು ಭಾವ. ಆಗ ಈ ಮಹಾನುಭಾವರು, "ಬರುವಾಗ ಹುಣಿಯ ಮೇಲೆಯೇ ನಡ್ಕೊಂಡು ಬಾ ಅಣ್ಣ. ತೋಡಿನ ನೀರು ತಣ್ಣಗುಂಟು, ನಿನಗೆ ಮೊದಲೇ ಕಫದ ಮೈ" ಎಂದುಬಿಟ್ಟರು!

ನಾನು ಹಣೆ ಹಣೆ ಚಚ್ಚಿಕೊಂಡೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಈ ಮನುಷ್ಯನಿಂದ ಆದದ್ದಿಲ್ಲ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು. ಅಳುವೋ ನಗುವೋ ತಿಳಿಯಲಿಲ್ಲ. "ಆಯ್ತು, ಬರ್ತೇವೆ" ಎಂದು ಭಾವ ಫೋನು ಇಟ್ಟರು.

ಕೊಯ್ಲು ಮುಗಿದು ಹೊಸ ಅಕ್ಕಿ ಊಟದ ದಿನ ಭಾವ, ಅಕ್ಕ ಇಬ್ಬರೂ ಬಂದರು. ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಹುಣಿಯ ಮೇಲೆ ನಡೆದೇ ಬಂದರು. ಇವರು ಎದುರು ಹೋಗಿ ಚಪ್ಪಲಿಯನ್ನು ಅವರ ಕೈಯಿಂದ ತೆಗೆದುಕೊಂಡರು. ಅಷ್ಟೇ. ಕ್ಷಮೆ ಗಿಮೆ ಎಂದು ಯಾರೂ ಹೇಳಲಿಲ್ಲ. ನಾನೂ ಅಕ್ಕನೂ ಒಳಗೆ ತೆಂಗಿನಕಾಯಿ ತುರಿಯುತ್ತಾ ಕಣ್ಣು ಒರೆಸಿಕೊಂಡೆವು. ಕೇಳಿದರೆ ಈರುಳ್ಳಿ ಎನ್ನೋಣ ಎಂದರು ಅಕ್ಕ. ಅವತ್ತಿನ ಅಡುಗೆಗೆ ಈರುಳ್ಳಿಯೇ ಇರಲಿಲ್ಲ.

ಊಟಕ್ಕೆ ಕೂತಾಗ ಅಣ್ಣ ತಮ್ಮ ಒಂದೇ ಪಂಕ್ತಿ. ಹೊಸ ಅಕ್ಕಿಯ ಅನ್ನ ಬಡಿಸಿದೆ. ಎರಡು ತುತ್ತು ಉಂಡ ಮೇಲೆ ಭಾವ ಕಿಟಕಿಯ ಹೊರಗೆ ನೋಡುತ್ತಾ, "ಆ ಹಲಸಿನ ಮರಕ್ಕೆ ಕಟ್ಟಿದ ಪೆಟ್ಟಿಗೆ ಎಂತದು?" ಎಂದು ಕೇಳಿದರು.

"ಅದು ಹಂದಿಯ ಫೋಟೊ ತೆಗೆಯುದು" ಎಂದರು ಇವರು.

"ಹಂದಿಯದ್ದು ಮಾತ್ರವಾ?"

"ಹಂದಿಯದ್ದು ಮಾತ್ರ."

"ಬಿದ್ದಿದೆಯಾ?"

"ಒಂದು ಬಿದ್ದಿದೆ. ಪ್ರಾಯ ಆದದ್ದು. ತಲೆ ಎಲ್ಲ ಬೆಳ್ಳಗಾಗಿದೆ. ತೋಡಿನಲ್ಲಿ ನಿಂತು ತೆನೆ ತಿಂತಿತ್ತು."

ಭಾವನಿಗೆ ಅನ್ನ ನೆತ್ತಿಗೇರಿತು. ನೀರು ಕುಡಿದು, ಕೆಮ್ಮಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಡಗೈಯಲ್ಲಿ ತಮ್ಮನ ಬೆನ್ನಿಗೊಂದು ಗುದ್ದಿದರು. ಸಣ್ಣವರಿರುವಾಗ ಇವರಿಬ್ಬರೂ ಹೀಗೇ ಗುದ್ದಾಡಿಕೊಳ್ಳುತ್ತಿದ್ದರೆಂದು ಅತ್ತೆ ಹೇಳುತ್ತಿದ್ದರು. ನಾನು ನೋಡಿದ್ದು ಆ ದಿನ.

ಜೇಸಿಬಿ ಬರಲಿಲ್ಲ. ಈ ವರ್ಷ ನೇಜಿ ನೆಡಲು ಜನ ಸಿಗದಾಗ ಭಾವ ಅಂಗಡಿಗೆ ಬಾಗಿಲು ಹಾಕಿ ಬಂದರು. ಕುಶಾಲಣ್ಣನೂ ಬಂದರು. ನೆಟ್ಟದ್ದಕ್ಕಿಂತ ಮಾತಾಡಿದ್ದೇ ಹೆಚ್ಚು, ಆದರೂ ಬಂದರಲ್ಲ. ಅವತ್ತು ತಮ್ಮ ಅಳಿಸದೆ ಉಳಿದಿದ್ದ ಮನುಷ್ಯರ ಫೋಟೊಗಳನ್ನೆಲ್ಲ ನಾನೇ ಕೂತು ಅಳಿಸಿದ್ದೇನೆ. ಬರಿಂಕದ್ದು ಮತ್ತು ನೀಲಿ ಸೀರೆಯದ್ದು ಮಾತ್ರ ಇಟ್ಟುಕೊಂಡಿದ್ದೇನೆ.

ಈ ಸಲದ ತೆನೆಯ ಹಿಂದಿನ ಸಂಜೆ ಇವರೇ ಹೋಗಿ ಎರಡೂ ಕ್ಯಾಮೆರಾ ಬಿಚ್ಚಿ ತಂದು ಕಪಾಟಿನಲ್ಲಿಟ್ಟರು. ಬೆಳಗಿನ ಜಾವ ನನಗೆ ಎಚ್ಚರವಾಯಿತು. ಗದ್ದೆಯ ಕಡೆ ಸರಸರ ಸದ್ದು. ಒಬ್ಬರು ಹೋದರೆ ಇನ್ನೊಬ್ಬರು. ಎಲ್ಲೋ ಒಬ್ಬರು ಮೆಲ್ಲ ಕೆಮ್ಮಿದರು. ಸ್ವಲ್ಪ ಹೊತ್ತಿನಲ್ಲಿ ರಸ್ತೆಯಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಭಾವ ಈಗ ಹಗಲಿನಲ್ಲೇ ಬಂದು ಎಷ್ಟು ಬೇಕಾದರೂ ಕೊಯ್ದುಕೊಂಡು ಹೋಗಬಹುದು. ಆದರೂ ಕತ್ತಲೆಯಲ್ಲೇ ಹೊರಟು ಕದಿಯಲು ಬಂದಿದ್ದರು. ಕಿಟಕಿಯಿಂದ ಒಮ್ಮೆ ಇಣುಕುವ ಎಂದು ನಾನು ಏಳಲು ಹೋದೆ. ಇವರು ಕಂಬಳಿಯನ್ನು ನನ್ನ ತಲೆಯ ಮೇಲೆ ಎಳೆದು, "ಮಲಗು ಮಾರಾಯ್ತಿ, ನೋಡಬಾರದು" ಎಂದರು. ಇಬ್ಬರೂ ಕಂಬಳಿಯ ಒಳಗೆ ಕಣ್ಣು ಮುಚ್ಚಿ ಮಲಗಿದೆವು. ನಮ್ಮ ಗದ್ದೆಯಲ್ಲಿ ಕಳ್ಳತನ ಆಗುವುದನ್ನು ಕೇಳುತ್ತಾ ಅಷ್ಟು ಸುಖವಾಗಿ ನಾನು ಎಂದೂ ಮಲಗಿರಲಿಲ್ಲ.